ಹಳೆಯ ಪಿಕಪ್ಪಿಗೆ ಯಾವ ಹೊಗೆಗೊಳವೆ?

ಮುಂದುಗಡೆ ಇಬ್ಬರು ಮೂವರು ಕುಳಿತುಕೊಳ್ಳಬಹುದಾದ ಕೋಣೆ, ಹಿಂದುಗಡೆ ಸಾಮಾನು ತುಂಬಲು ತೆರೆದ ತೊಟ್ಟಿ—ಇಂತಹ ಕಿರುಲಾರಿಯನ್ನು ಅಮೆರಿಕದವರು ಪಿಕಪ್ ಎಂದು ಕರೆಯುತ್ತಾರೆ. ನಮ್ಮ ಒಕ್ಕಲಿಗನಿಗೆ ಎತ್ತಿನ ಗಾಡಿ ಹೇಗಿತ್ತೋ ಅಲ್ಲಿಯ ರೈತನಿಗೂ ಬಡಗಿಗೂ ಅದು ಹಾಗೆ. ಮೂವತ್ತು ನಲವತ್ತು ವರ್ಷ ದುಡಿದ ಗಾಡಿಯನ್ನು ಕೂಡ ಅವರು ಸುಲಭವಾಗಿ ಕೈಬಿಡುವುದಿಲ್ಲ. ಇಷ್ಟು ವಯಸ್ಸಾದ ಪಿಕಪ್ಪಿಗೆ ತಪ್ಪದೆ ಬರುವ ರೋಗವೊಂದುಂಟು. ಬೆಳಗಿನ ಚಳಿಯಲ್ಲಿ ಎಂಜಿನ್ನನ್ನು ಚಾಲೂ ಮಾಡಿದೊಡನೆ ಒಂದು ಪಕ್ಕದಿಂದ ‘ಟಿಕ್ ಟಿಕ್’ ಎಂಬ ಸದ್ದು ಕೇಳಿಸುತ್ತದೆ. ಬಿಸಿಯೇರಿದಂತೆಲ್ಲ ಸದ್ದು ಅಡಗುತ್ತದೆ. ಸಿಲಿಂಡರುಗಳಿಂದ ಹೊರಬೀಳುವ ಹೊಗೆಯನ್ನು ಒಟ್ಟುಗೂಡಿಸುವ ಬೀಡುಕಬ್ಬಿಣದ ಕೊಳವೆ, ಅಂದರೆ ಮ್ಯಾನಿಫೋಲ್ಡು, ಬಿರುಕು ಬಿಟ್ಟಿದೆ ಎಂದೋ ಅದರ ಬೋಲ್ಟು ಮುರಿದಿದೆ ಎಂದೋ ಇದರ ಅರ್ಥ. ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಆರಿದಾಗ ಮತ್ತೆ ಬಾಯಿಬಿಡುತ್ತದೆ.

ಈಗ ಗಾಡಿಯ ಒಡೆಯನ ಮುಂದೆ ಎರಡು ದಾರಿಗಳಿವೆ. ಮೊದಲಿದ್ದಂತಹುದೇ ಬೀಡುಕಬ್ಬಿಣದ ಮ್ಯಾನಿಫೋಲ್ಡನ್ನು ತಂದು ಕೂಡಿಸುವುದು ಒಂದು. ಪ್ರತಿಯೊಂದು ಸಿಲಿಂಡರಿಗೂ ಪ್ರತ್ಯೇಕವಾದ ಉಕ್ಕಿನ ಕೊಳವೆಯಿದ್ದು, ಅವೆಲ್ಲ ಮುಂದೆ ಒಂದೆಡೆ ಸೇರುವ ‘ಹೆಡರು’ ಎಂಬ ಸಾಧನವನ್ನು ಕೊಳ್ಳುವುದು ಇನ್ನೊಂದು. ಹೆಡರು ನೋಡಲು ಚೆಲುವಾದುದು. ಬಾಗಿ ಬಳುಕಿ ಹೆಣೆದುಕೊಂಡ ಆ ಕೊಳವೆಗಳ ಹೊಳಪಿಗೆ ಮನಸೋಲದ ತರುಣರು ವಿರಳ. ಇಷ್ಟು ಅಶ್ವಶಕ್ತಿ ಹೆಚ್ಚುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವುದೂ ಉಂಟು. ಆದರೆ ದುಡಿಯುವ ಹಳೆಯ ಪಿಕಪ್ಪಿಗೆ ಹೆಡರು ಅನೇಕ ವೇಳೆ ತಪ್ಪು ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಇದು ಬರಿಯ ಅಭಿರುಚಿಯ ಮಾತಲ್ಲ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇದನ್ನು ತೀರ್ಮಾನಿಸಲು ಸಾಕು.

ವಾದಕ್ಕೆ ಒಂದು ನಿಜವಾದ ಎಂಜಿನ್ನು ಬೇಕು. ಫೋರ್ಡ್ ಕಂಪನಿಯವರ ‘300’ ಎಂಬ ಆರು ಸಿಲಿಂಡರಿನ ಎಂಜಿನ್ನನ್ನು ತೆಗೆದುಕೊಳ್ಳೋಣ. 1965ರ ಮಾದರಿಯಿಂದ 1996ರ ಮಾದರಿಯವರೆಗೆ ಅದು ಅವರ ಪಿಕಪ್ಪುಗಳಲ್ಲಿ ಬಂದಿತು. 300 ಘನ ಅಂಗುಲ ಎಂದರೆ 4.9 ಲೀಟರು. ಸಿಲಿಂಡರಿನ ವ್ಯಾಸವೂ ಪಿಸ್ಟನ್ನಿನ ನಡೆಯೂ ಹೆಚ್ಚುಕಡಮೆ 4 ಅಂಗುಲ. ಆರು ಸಿಲಿಂಡರುಗಳೂ ಒಂದೇ ಸಾಲಿನಲ್ಲಿ ನಿಂತಿವೆ. ಕವಾಟಗಳನ್ನು ನಡೆಸುವ ದಂಡವನ್ನು ಸರಪಳಿಯಿಂದಲ್ಲದೆ ಹಲ್ಲುಗಾಲಿಗಳಿಂದಲೇ ತಿರುಗಿಸುವ ಈ ಎಂಜಿನ್ನು ಬಾಳಿಕೆಗೆ ಹೆಸರಾದುದು, ವೇಗಕ್ಕಲ್ಲ. 1987ರಲ್ಲಿ ಕಾರ್ಬ್ಯುರೇಟರನ್ನು ತೆಗೆದು ಇಂಧನವನ್ನು ಸಿಂಪಡಿಸುವ ಏರ್ಪಾಡನ್ನು ಮಾಡಿದ ಮೇಲೆ ಅದರ ಶಕ್ತಿ ಸುಮಾರು 150 ಅಶ್ವಶಕ್ತಿ. ಅದು ದೊರೆಯುವುದು ನಿಮಿಷಕ್ಕೆ 3400 ಸುತ್ತುಗಳ ವೇಗದಲ್ಲಿ. ಆದರೆ ಎಂಜಿನ್ನಿನ ತಿರುಗುಬಲ ಪರಮಾವಧಿಯನ್ನು ಮುಟ್ಟುವುದು ಸುಮಾರು 2000 ಸುತ್ತುಗಳಲ್ಲೇ. ಹುಲ್ಲಿನ ಹೊರೆ ಹೇರಿಕೊಂಡು ದಿಣ್ಣೆ ಹತ್ತುವಾಗ ಗಾಡಿಗೆ ಬೇಕಾದುದು ಈ ಬಲ. 2000 ಎಂಬ ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು.

ಹೆಡರು ಹೇಗೆ ಕೆಲಸ ಮಾಡುತ್ತದೆ? ಹೊಗೆಯ ಕವಾಟ ತೆರೆಯುವ ಗಳಿಗೆಯಲ್ಲಿ ಸಿಲಿಂಡರಿನ ಒಳಗಿನ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿರುತ್ತದೆ. ಕವಾಟ ಸರಿದೊಡನೆ ಅನಿಲ ರಭಸದಿಂದ ನುಗ್ಗುತ್ತದೆ, ಒತ್ತಡದ ಒಂದು ಅಲೆ ಕೊಳವೆಯಲ್ಲಿ ಓಡುತ್ತದೆ. ಕೊಳವೆಯ ತೆರೆದ ತುದಿಯನ್ನೋ ಅಥವಾ ಅದು ಇದ್ದಕ್ಕಿದ್ದಂತೆ ಅಗಲವಾಗುವ ಸ್ಥಳವನ್ನೋ ಮುಟ್ಟಿದಾಗ ಆ ಅಲೆ ತಲೆಕೆಳಗಾಗಿ ಹಿಂದಿರುಗುತ್ತದೆ. ಹೋದದ್ದು ಸಂಪೀಡನ, ಮರಳಿದ್ದು ವಿರಳನ. ಕೊಳಲಿನ ತೆರೆದ ಬಾಯಲ್ಲಿ ನಡೆಯುವುದೂ ಇದೇ. ಹೀಗೆ ಮರಳಿದ ಹೀರುವ ಅಲೆ, ಹೊಗೆಯ ಕವಾಟ ಇನ್ನೇನು ಮುಚ್ಚಬೇಕು, ಹೊಸ ಗಾಳಿಯ ಕವಾಟ ಆಗತಾನೇ ತೆರೆಯುತ್ತಿದೆ ಎನ್ನುವ ಹೊತ್ತಿಗೆ ಸಿಲಿಂಡರನ್ನು ತಲುಪಿದರೆ ಅಳಿದುಳಿದ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ. ಅದರ ಹಿಂದೆ ಹೊಸ ಗಾಳಿಯೂ ಹೆಚ್ಚಾಗಿ ಒಳಕ್ಕೆ ಬರುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ. ಪಂದ್ಯದ ಕಾರುಗಳು ಇದರಿಂದ ನಿಜವಾಗಿ ಲಾಭ ಪಡೆಯುತ್ತವೆ.

ಆದರೆ ಅಲೆ ಸಮಯಕ್ಕೆ ಸರಿಯಾಗಿ ಬರಬೇಕಷ್ಟೆ? ಲೆಕ್ಕ ಹಾಕಿ ನೋಡೋಣ. ಅನಿಲದಲ್ಲಿ ಶಬ್ದದ ವೇಗ ನಿರಪೇಕ್ಷ ಉಷ್ಣತೆಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 20 ಡಿಗ್ರಿ ಸೆಂಟಿಗ್ರೇಡಿನ ಗಾಳಿಯಲ್ಲಿ ಅದು ಸೆಕೆಂಡಿಗೆ 343 ಮೀಟರು. ಹೊಗೆಯ ಉಷ್ಣತೆ 600 ಡಿಗ್ರಿ ಎಂದಿಟ್ಟುಕೊಂಡರೆ ವೇಗ ಸುಮಾರು 590 ಮೀಟರಿಗೆ ಏರುತ್ತದೆ. ಹೊಗೆಯೆಂಬುದು ಶುದ್ಧ ಗಾಳಿಯಲ್ಲವಾದ್ದರಿಂದ ಸ್ವಲ್ಪ ಕಳೆದು 570 ಎನ್ನೋಣ. ಪಿಕಪ್ಪಿನ ಹೆಡರಿನಲ್ಲಿ ಒಂದೊಂದು ಕೊಳವೆಯ ಉದ್ದ 85 ಸೆಂಟಿಮೀಟರು ಇದ್ದೀತು. ಹೋಗಿ ಬರುವ ದೂರ 1.7 ಮೀಟರು, ಹಿಡಿಯುವ ಕಾಲ ಸೆಕೆಂಡಿನ ಸಾವಿರದ ಮೂರು ಪಾಲು.

ನಿಮಿಷಕ್ಕೆ 2000 ಸುತ್ತು ತಿರುಗುವ ಕ್ರ್ಯಾಂಕು ದಂಡ ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ 12 ಡಿಗ್ರಿ ತಿರುಗುತ್ತದೆ. ಆದುದರಿಂದ ಅಲೆ ಹಿಂದಿರುಗುವ ವೇಳೆಗೆ ದಂಡ ತಿರುಗಿರುವುದು ಕೇವಲ 36 ಡಿಗ್ರಿ. ಕವಾಟ ಮುಚ್ಚುವ ಹೊತ್ತು ಇನ್ನೂ ಬಹುದೂರ. ಅತಿಥಿ ಊಟದ ಹೊತ್ತಿಗೆ ಬರುವ ಬದಲು ಒಲೆ ಹಚ್ಚುವಾಗಲೇ ಬಂದು ಕುಳಿತಂತಾಯಿತು. ಅಲೆ ಮತ್ತೆ ಮತ್ತೆ ಹೋಗಿಬಂದು, ಪ್ರತಿ ಸಲವೂ ದುರ್ಬಲವಾಗಿ, ಕೊನೆಗೆ ಬೇಕಾದ ಹೊತ್ತಿಗೆ ಅದರಲ್ಲಿ ಹೆಚ್ಚಿನ ಸತ್ವ ಉಳಿಯುವುದಿಲ್ಲ. ಅದೇ ಹೆಡರು 6000 ಸುತ್ತು ತಿರುಗುವ ಪಂದ್ಯದ ಎಂಜಿನ್ನಿನಲ್ಲಿದ್ದರೆ, ಅಷ್ಟೇ ಕಾಲದಲ್ಲಿ ದಂಡ 108 ಡಿಗ್ರಿ ತಿರುಗಿರುತ್ತದೆ. ಆಗ ಅಲೆಯ ಬರವು ಪ್ರಯೋಜನಕ್ಕೆ ಹತ್ತಿರವಾಗುತ್ತದೆ. 2000 ಸುತ್ತಿನಲ್ಲೇ ಈ ಪ್ರಯೋಜನ ಬೇಕೆಂದು ಹಟ ಹಿಡಿದರೆ? ಮೊದಲ ತುಡಿತಕ್ಕೂ ಅಲೆಯ ಮರಳುವಿಕೆಗೂ ನಡುವೆ ಅರ್ಧ ಸುತ್ತು ಬೇಕೆಂದು ಒರಟಾಗಿ ಎಣಿಸಿದರೂ ಪ್ರತಿ ಕೊಳವೆಯೂ ನಾಲ್ಕೂಕಾಲು ಮೀಟರಿಗಿಂತ ಉದ್ದವಾಗಬೇಕು. ಅಂತಹವು ಆರು! ಗಾಡಿಯ ಉದ್ದವೇ ಐದು ಮೀಟರಿನ ಆಸುಪಾಸು. ಹೊಗೆಗೊಳವೆಯ ಮೇಲೆ ಗಾಡಿಯನ್ನು ಕಟ್ಟಬೇಕಾದೀತು.

ಹಾಗಾದರೆ ಹೆಡರು ಕೂಡಿಸಿದವರೆಲ್ಲ ಗಾಡಿ ಚುರುಕಾಯಿತು ಎನ್ನುವುದು ಭ್ರಮೆಯೆ? ಪೂರ್ತಿ ಭ್ರಮೆಯಲ್ಲ. ಇಲ್ಲಿ ಬೇರೊಂದು ಕಾರಣ ಕೆಲಸಮಾಡುತ್ತದೆ. ನನ್ನ ವಾದದ ತಿರುಳೂ ಅದೇ.

ನಾಲ್ಕು ನಡೆಯ ಎಂಜಿನ್ನಿನಲ್ಲಿ ಒಂದು ಆವರ್ತ ಮುಗಿಯಲು ದಂಡ ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗಬೇಕು. ಸಿಲಿಂಡರುಗಳು ಆರು, ಆದ್ದರಿಂದ 120 ಡಿಗ್ರಿಗೊಮ್ಮೆ ಒಂದಲ್ಲ ಒಂದು ಸಿಲಿಂಡರು ಹೊಗೆಯುಗುಳುತ್ತದೆ. ಹೊಗೆಯ ಕವಾಟವಾದರೋ ಸುಮಾರು 250 ಡಿಗ್ರಿಗಳ ಕಾಲ ತೆರೆದಿರುತ್ತದೆ. ಎಂದರೆ ಯಾವ ಕ್ಷಣದಲ್ಲಿ ನೋಡಿದರೂ ಕಡೆಯಪಕ್ಷ ಎರಡು ಕವಾಟಗಳು ತೆರೆದೇ ಇರುತ್ತವೆ. ಕಾರ್ಬ್ಯುರೇಟರಿನ ಕಾಲದ ಫೋರ್ಡ್ ಎಂಜಿನ್ನಿಗೆ ಇದ್ದುದು ಆರು ಸಿಲಿಂಡರಿಗೂ ಒಂದೇ ಮ್ಯಾನಿಫೋಲ್ಡು, ಮರದ ದಿಮ್ಮಿಯಂತಹುದು. ಒಂದು ಸಿಲಿಂಡರು ಹೊಗೆಯನ್ನು ನಿಧಾನವಾಗಿ ತಳ್ಳುತ್ತಿರುವಾಗಲೇ ಇನ್ನೊಂದರ ಕವಾಟ ತೆರೆದು, ಹೊಸ ತುಡಿತ ಅದೇ ಓಣಿಗೆ ನುಗ್ಗಿ, ಮೊದಲನೆಯದರ ಹೊಗೆಯನ್ನು ತಡೆದು ಹಿಂದಕ್ಕೆ ತಳ್ಳುತ್ತದೆ. ಕಿರಿದಾದ ಬಾಗಿಲಲ್ಲಿ ಒಬ್ಬ ಹೊರಬರುವ ಮೊದಲೇ ಮತ್ತೊಬ್ಬ ನುಗ್ಗಿದಂತೆ. ಹೆಡರಿನಲ್ಲಿ ಪ್ರತಿಯೊಂದಕ್ಕೂ ಬೇರೆ ಓಣಿಯಿರುವುದರಿಂದ ಈ ನೂಕುನುಗ್ಗಲು ತಪ್ಪುತ್ತದೆ. ಕಡಮೆ ವೇಗದಲ್ಲಿ ಕಾಣುವ ಲಾಭ ಬಹುಮಟ್ಟಿಗೆ ಇದು, ಕೊಳಲಿನ ಮಾಯೆಯಲ್ಲ.

ಈ ನೂಕುನುಗ್ಗಲನ್ನು ತಪ್ಪಿಸಲು ಆರು ಓಣಿಗಳೇ ಬೇಕೆ? ಎಂಜಿನ್ನು ಸಿಡಿಯುವ ಕ್ರಮವನ್ನು ಒಂದು ಕಾಗದದ ಮೇಲೆ ಬರೆಯಿರಿ: 1-5-3-6-2-4. ಮುಂದಿನ ಮೂರು ಸಿಲಿಂಡರುಗಳು 1, 2, 3. ಹಿಂದಿನವು 4, 5, 6. ಈಗ ಕ್ರಮವನ್ನು ಮತ್ತೊಮ್ಮೆ ಓದಿ. ಮುಂದಿನದೊಂದು, ಹಿಂದಿನದೊಂದು; ಮತ್ತೆ ಮುಂದಿನದು, ಮತ್ತೆ ಹಿಂದಿನದು. ಎಲ್ಲೂ ತಪ್ಪದೆ ಬದಲಾಗುತ್ತ ಹೋಗುತ್ತದೆ! ಆದ್ದರಿಂದ ಮುಂದಿನ ಮೂರಕ್ಕೆ ಒಂದು ಮ್ಯಾನಿಫೋಲ್ಡು, ಹಿಂದಿನ ಮೂರಕ್ಕೆ ಇನ್ನೊಂದು ಎಂದು ಎರಡಾಗಿ ಒಡೆದರೆ, ಒಂದೊಂದರಲ್ಲೂ ತುಡಿತಗಳ ನಡುವಣ ಅಂತರ 120ರ ಬದಲು 240 ಡಿಗ್ರಿಯಾಗುತ್ತದೆ. ಕವಾಟ ತೆರೆದಿರುವುದು 250 ಡಿಗ್ರಿ. ಒಂದರ ಮೇಲೊಂದು ಬೀಳುವುದು ಹತ್ತೇ ಡಿಗ್ರಿ, ಅದೂ ಕವಾಟಗಳು ಮುಚ್ಚುವ, ತೆರೆಯುವ ಅಂಚಿನಲ್ಲಿ. ಬಹುಪಾಲು ಲಾಭ ಎರಡೇ ತುಂಡು ಬೀಡುಕಬ್ಬಿಣದಿಂದ ದೊರೆತುಬಿಟ್ಟಿತು.

1987ರಲ್ಲಿ ಇಂಧನದ ಏರ್ಪಾಡನ್ನು ಬದಲಾಯಿಸಿದಾಗ ಫೋರ್ಡಿನ ಎಂಜಿನಿಯರರು ಮಾಡಿದ್ದು ಇದನ್ನೇ. ಎರಡು ತುಂಡಿನ ಆ ಮ್ಯಾನಿಫೋಲ್ಡುಗಳು ಹಳೆಯ ಎಂಜಿನ್ನಿನ ತಲೆಗೂ ಕೂಡಿಕೊಳ್ಳುತ್ತವೆ. ಗುಜರಿ ಅಂಗಳಗಳಲ್ಲಿ ಹುಡುಕಿದರೆ ಸಿಗುತ್ತವೆ; ಅವೆರಡನ್ನೂ ಒಂದು ಕವಲುಗೊಳವೆಗೆ ಜೋಡಿಸಿದರಾಯಿತು. 1984ರ ಪಿಕಪ್ಪಿನ ಒಡೆಯ ನನ್ನನ್ನು ಕೇಳಿದರೆ ನಾನು ಕೈತೋರುವುದು ಈ ಎರಡು ತುಂಡುಗಳ ಕಡೆಗೆ. 1990ರ ಗಾಡಿಯವನಿಗಂತೂ ಆಯ್ಕೆಯೇ ಇಲ್ಲ, ಇದ್ದುದನ್ನೇ ಹೊಸದಾಗಿ ಹಾಕಿಸಿಕೊಳ್ಳಲಿ.

ಇದನ್ನು ಎಲ್ಲ ಎಂಜಿನ್ನುಗಳಿಗೂ ಅನ್ವಯಿಸಲಾಗದು. ಷೆವ್ರೊಲೆ ಪಿಕಪ್ಪುಗಳ ಹಳೆಯ ಎಂಟು ಸಿಲಿಂಡರಿನ ಎಂಜಿನ್ನು ಸಿಡಿಯುವ ಕ್ರಮ 1-8-4-3-6-5-7-2. ಬೆಸಸಂಖ್ಯೆಯವು ಒಂದು ಪಕ್ಕ, ಸಮಸಂಖ್ಯೆಯವು ಇನ್ನೊಂದು ಪಕ್ಕ. 8 ಮತ್ತು 4 ಒಂದರ ಹಿಂದೊಂದು ಒಂದೇ ಪಕ್ಕದಲ್ಲಿ ಸಿಡಿಯುತ್ತವೆ. 5 ಮತ್ತು 7 ಕೂಡ ಹಾಗೆಯೇ. ಪಕ್ಕಕ್ಕೊಂದು ಮ್ಯಾನಿಫೋಲ್ಡು ಇಟ್ಟರೆ ಆ ಜೋಡಿಗಳ ನಡುವಣ ಅಂತರ ಬರಿಯ 90 ಡಿಗ್ರಿ. ನೂಕುನುಗ್ಗಲು ಉಳಿದೇ ಉಳಿಯುತ್ತದೆ. ಅಲ್ಲಿ ಒಳ್ಳೆಯ ಹೆಡರಿಗೆ ಹಣ ಕೊಟ್ಟವನನ್ನು ನಾನು ಆಕ್ಷೇಪಿಸಲಾರೆ. ಎಂಜಿನ್ನಿನ ಕ್ರಮ ನೋಡದೆ ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ಕೊಳ್ಳುವವನ ಮೇಲೆ ಮಾತ್ರ ನನ್ನ ಆಕ್ಷೇಪ. ಆ ಅಂಕಿ ನಿಜವೇ ಆಗಿದ್ದರೂ ಅದು ಎಂಜಿನ್ನನ್ನು ಪೂರ್ತಿ ಬಿಟ್ಟು, ಅದರ ಅತಿವೇಗದ ತುದಿಯಲ್ಲಿ ಅಳೆದದ್ದು. ರೈತನ ಗಾಡಿ ಆ ತುದಿಯನ್ನು ವರ್ಷಕ್ಕೆ ಎಷ್ಟು ಸಲ ಕಂಡೀತು?

‘ಎಂಜಿನ್ನಿಗೆ ಸ್ವಲ್ಪ ಹಿನ್ನೊತ್ತಡ ಬೇಕು, ಇಲ್ಲದಿದ್ದರೆ ಬಲ ಕುಂದುತ್ತದೆ’ ಎಂಬ ಮಾತು ಅಲ್ಲಿಯ ಕಾರ್ಖಾನೆಗಳಲ್ಲೂ ನಮ್ಮ ಮೋಟಾರು ಸೈಕಲ್ಲಿನ ಅಂಗಡಿಗಳಲ್ಲೂ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಹೊಗೆಯನ್ನು ತಡೆಯುವ ಒತ್ತಡದಿಂದ ಎಂಜಿನ್ನಿಗೆ ಎಂದೂ ಒಳ್ಳೆಯದಾಗದು. ಬೇಕಾದುದು ಕೊಳವೆಯಲ್ಲಿ ಅನಿಲದ ವೇಗ. ಕೊಳವೆ ಅಗಲವಾದಷ್ಟೂ ಅನಿಲ ಸಾವಕಾಶವಾಗಿ ಹರಿದು, ತನ್ನ ಹಿಂದೆ ಇರುವುದನ್ನು ಎಳೆಯುವ ಕಸುವನ್ನು ಕಳೆದುಕೊಳ್ಳುತ್ತದೆ. ಒಂದೂವರೆ ಅಂಗುಲದ ಕೊಳವೆಯ ಬದಲು ಒಂದೂಮುಕ್ಕಾಲು ಅಂಗುಲದ್ದನ್ನು ಹಾಕಿದರೆ ಕಾಲು ಅಂಗುಲವೇನು ಮಹಾ ಎನಿಸಬಹುದು. ಕ್ಷೇತ್ರಫಲ ವ್ಯಾಸದ ವರ್ಗವನ್ನು ಅನುಸರಿಸುತ್ತದೆಂಬುದನ್ನು ಮರೆಯಬಾರದು: ಕ್ಷೇತ್ರ ನೂರಕ್ಕೆ 36ರಷ್ಟು ಹೆಚ್ಚಿ, ವೇಗ ಮುಕ್ಕಾಲಿಗಿಂತಲೂ ಕೆಳಗಿಳಿಯುತ್ತದೆ. ಹೆಡರನ್ನೇ ಕೊಳ್ಳುತ್ತೇನೆ ಎನ್ನುವವನು, ದುಡಿಯುವ ಗಾಡಿಗಾದರೆ, ಕಿರಿಯ ವ್ಯಾಸದ್ದನ್ನು ಕೊಳ್ಳಲಿ.

ಇನ್ನು ಶಾಖದ ವಿಚಾರ. ಫೋರ್ಡಿನ ಈ ಎಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವುದೂ ಹೊಗೆ ಹೊರಗೆ ಬರುವುದೂ ಒಂದೇ ಪಕ್ಕದಲ್ಲಿ. ಕಾರ್ಬ್ಯುರೇಟರಿನ ಕೆಳಗಿನ ಗಾಳಿಗೊಳವೆಯನ್ನು ಹೊಗೆಯ ಮ್ಯಾನಿಫೋಲ್ಡಿನ ಬೆನ್ನಿಗೇ ಬಿಗಿದಿರುತ್ತಾರೆ. ಇದು ಜಾಗ ಉಳಿಸುವ ಜಿಪುಣತನವಲ್ಲ. ಪೆಟ್ರೋಲು ಆವಿಯಾಗಲು ಶಾಖ ಬೇಕು. ಆವಿಯಾಗುವಾಗ ಅದು ಸುತ್ತಲಿನ ಶಾಖವನ್ನು ಹೀರುತ್ತದೆ. ಚಳಿಗಾಲದಲ್ಲಿ ತಣ್ಣನೆಯ ಕೊಳವೆಯ ಗೋಡೆಗೆ ಪೆಟ್ರೋಲು ಹನಿಹನಿಯಾಗಿ ಅಂಟಿಕೊಂಡು, ಎಂಜಿನ್ನು ಎಡವುತ್ತ ಓಡುತ್ತದೆ. ಗಾಳಿಯಲ್ಲಿ ತೇವವಿದ್ದರೆ ಕಾರ್ಬ್ಯುರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟುವುದೂ ಉಂಟು. ಹೆಡರನ್ನು ಹಾಕಿದರೂ ಎರಡು ತುಂಡಿನ ಮ್ಯಾನಿಫೋಲ್ಡನ್ನು ಹಾಕಿದರೂ ಈ ಬಿಸಿ ತಪ್ಪಿಹೋಗುತ್ತದೆ. ನಾನು ಹೊಗಳಿದ ಆಯ್ಕೆಯ ದೊಡ್ಡ ಕೊರತೆ ಇದೇ ಎಂದು ಒಪ್ಪಿಕೊಳ್ಳಬೇಕು. ಗಾಳಿಗೊಳವೆಯ ತಳಕ್ಕೆ ಎಂಜಿನ್ನಿನ ಬಿಸಿನೀರು ಹರಿಯುವ ತಟ್ಟೆಯೊಂದನ್ನು ಬಿಗಿದು ಇದನ್ನು ಸರಿಪಡಿಸುವುದು ವಾಡಿಕೆ. ಮಂಜು ಬೀಳುವ ಮಿನಸೋಟದಂತಹ ಸೀಮೆಯವನು, ಈ ತಟ್ಟೆಯ ತಂಟೆ ಬೇಡವೆನ್ನುವುದಾದರೆ, ಹಳೆಯ ದಿಮ್ಮಿಯನ್ನೇ ಹೊಸದಾಗಿ ತಂದು ಹಾಕಿಕೊಂಡರೂ ನಾನು ಅವನನ್ನು ದಡ್ಡನೆನ್ನೆ.

ದಿಮ್ಮಿ ಸೀಳುವುದಾದರೂ ಏಕೆ? ಸುಮಾರು 60 ಸೆಂಟಿಮೀಟರು ಉದ್ದದ ಬೀಡುಕಬ್ಬಿಣ 500 ಡಿಗ್ರಿ ಬಿಸಿಯೇರಿದರೆ ಮೂರು ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ. ಅದನ್ನು ಬಿಗಿದಿರುವ ಎಂಜಿನ್ನಿನ ತಲೆಯೊಳಗೆ ನೀರು ಹರಿಯುವುದರಿಂದ ಅದು ಅರ್ಧ ಮಿಲಿಮೀಟರು ಹಿಗ್ಗಿದರೆ ಹೆಚ್ಚು. ಪ್ರತಿ ಪ್ರಯಾಣದಲ್ಲೂ ಈ ಜಗ್ಗಾಟ ನಡೆದು, ಎರಡು ತುದಿಗಳ ಬೋಲ್ಟುಗಳು ಮೊದಲು ಸೋಲುತ್ತವೆ. ಎರಡು ತುಂಡು ಮಾಡಿದರೆ ಒಂದೊಂದರ ಹಿಗ್ಗೂ ಅರ್ಧವಾಗುತ್ತದೆ. ಉಕ್ಕಿನ ಹೆಡರು ಬಳುಕಬಲ್ಲುದು, ನಿಜ. ಆದರೆ ಅಗ್ಗದ ಹೆಡರಿನ ಗೋಡೆ ಒಂದೂವರೆ ಮಿಲಿಮೀಟರು ದಪ್ಪವೂ ಇರುವುದಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಅದು ಬೇಗ ತುಕ್ಕು ತಿಂದುಹೋಗುತ್ತದೆ. ಮೇಲಿನ ಬಣ್ಣ ಮೊದಲ ಕೆಲವು ದಿನಗಳಲ್ಲೇ ಸುಟ್ಟುಹೋಗುತ್ತದೆ. ತುಕ್ಕುಹಿಡಿಯದ ಉಕ್ಕಿನದು ಬಾಳುತ್ತದೆ. ಬೆಲೆ ಹೆಚ್ಚು, ಹಿಗ್ಗೂ ಸಾಧಾರಣ ಉಕ್ಕಿನ ಒಂದೂವರೆಯಷ್ಟು ಸಮೀಪ. ಶಾಖ ತಡೆಯಲೆಂದು ಹೆಡರಿಗೆ ಪಟ್ಟಿ ಸುತ್ತುವವರಿದ್ದಾರೆ. ಆ ಪಟ್ಟಿ ನೀರನ್ನು ಹಿಡಿದಿಟ್ಟುಕೊಂಡು ತುಕ್ಕಿಗೆ ತೊಟ್ಟಿಲು ಕಟ್ಟುತ್ತದೆ.

ಕಾನೂನಿನ ಮಾತು ಚಿಕ್ಕದು. ಹೊಗೆಯನ್ನು ಶುದ್ಧಮಾಡುವ ವೇಗವರ್ಧಕದ ಪಾತ್ರೆಯೊಡನೆ ಮಾರಾಟವಾದ ಗಾಡಿಯಿಂದ ಅದನ್ನು ಕಿತ್ತುಹಾಕುವುದು ಅಮೆರಿಕದಲ್ಲಿ ಅಪರಾಧ. ಕ್ಯಾಲಿಫೋರ್ನಿಯದಲ್ಲಿ 1976ರ ಮತ್ತು ಅನಂತರದ ಮಾದರಿಯ ಪೆಟ್ರೋಲು ಗಾಡಿಗೆ ಹೆಡರು ಹಾಕುವುದಾದರೆ, ಆ ಹೆಡರಿಗೆ ಅಲ್ಲಿಯ ವಾಯುಸಂಪನ್ಮೂಲ ಮಂಡಲಿಯ ಮಂಜೂರಾತಿಯ ಸಂಖ್ಯೆ ಇರಬೇಕು.

ಇಷ್ಟೆಲ್ಲ ಬಲದ ಮಾತು, ಬೆಲೆಯ ಮಾತು. ಇವೆರಡಕ್ಕಿಂತ ಮುಖ್ಯವಾದುದು ಸೋರಿಕೆ. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಹಳೆಯ ಪಿಕಪ್ಪಿನ ನೆಲದ ತಗಡು ತುಕ್ಕಿನಿಂದ ತೂತಾಗಿರುವುದು ಸಾಮಾನ್ಯ. ಮ್ಯಾನಿಫೋಲ್ಡಿನ ಬಳಿ ಸೋರಿದ ಹೊಗೆ ಆ ತೂತುಗಳಿಂದ, ಬಿಸಿಗಾಳಿಯ ದಾರಿಯಿಂದ, ಕಿಟಕಿ ಮುಚ್ಚಿಕೊಂಡು ಕುಳಿತ ಚಾಲಕನ ಕೋಣೆಗೆ ಬರುತ್ತದೆ. ಮೊದಲು ತಲೆನೋವು, ಆಮೇಲೆ ತೂಕಡಿಕೆ; ತನಗೇನಾಗುತ್ತಿದೆ ಎಂದು ತಿಳಿಯುವಷ್ಟು ಎಚ್ಚರ ಉಳಿಯದೆ ಹೋಗಬಹುದು. ‘ಟಿಕ್ ಟಿಕ್ ತಾನೆ, ಬಿಸಿಯಾದ ಮೇಲೆ ನಿಲ್ಲುತ್ತದೆ’ ಎಂದು ಚಳಿಗಾಲವನ್ನು ದೂಡುವವನು ಇದನ್ನು ಯೋಚಿಸಬೇಕು. ಇಂಧನ ಸಿಂಪಡಿಸುವ ಗಾಡಿಗಳಲ್ಲಿ ಇನ್ನೊಂದು ಕೇಡೂ ಉಂಟು: ತುಡಿತಗಳ ನಡುವೆ ಸಂದಿನಿಂದ ಹೊರಗಾಳಿ ಒಳಕ್ಕೆ ಎಳೆಯಲ್ಪಟ್ಟು, ಆಮ್ಲಜನಕವನ್ನು ಅಳೆಯುವ ಸಾಧನ ಮೋಸಹೋಗಿ, ಯಂತ್ರ ಅನಾವಶ್ಯಕವಾಗಿ ಹೆಚ್ಚು ಪೆಟ್ರೋಲು ಸುರಿಯುತ್ತದೆ.

ಸೋರಿಕೆಯ ದೃಷ್ಟಿಯಿಂದ ಕೊಳ್ಳುವವನು ಮೊದಲು ನೋಡಬೇಕಾದುದು ಎಂಜಿನ್ನಿಗೆ ತಾಗುವ ಚಾಚುಪಟ್ಟಿಯನ್ನು. ಅದು ತೆಳ್ಳಗಿದ್ದರೆ ಶಾಖಕ್ಕೆ ಸೊಟ್ಟಗಾಗಿ ಗ್ಯಾಸ್ಕೆಟ್ಟು ಊದಿಹೋಗುತ್ತದೆ. ಒಂಬತ್ತು ಹತ್ತು ಮಿಲಿಮೀಟರು ದಪ್ಪವಿರುವುದನ್ನು ಆರಿಸಬೇಕು. ಹಳೆಯ ಬೀಡುಕಬ್ಬಿಣದ ತುಂಡನ್ನು ಕೊಳ್ಳುವುದಾದರೆ, ಸಂತೆಯಲ್ಲಿ ಮಡಕೆಯನ್ನು ತಟ್ಟಿ ನೋಡುವಂತೆ ಒಂದು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಲಿ. ಗಟ್ಟಿಯಾದುದು ಗಂಟೆಯಂತೆ ನುಡಿಯುತ್ತದೆ, ಬಿರುಕು ಬಿಟ್ಟದ್ದರ ದನಿ ಒಡೆದಿರುತ್ತದೆ. ಮುಖದ ಮೇಲೆ ಉಕ್ಕಿನ ನೇರಪಟ್ಟಿಯನ್ನಿಟ್ಟು ಬೆಳಕು ತೂರುತ್ತದೆಯೇ ಎಂದು ನೋಡಲಿ. ಹಳೆಯ ಬೋಲ್ಟುಗಳನ್ನು ಬಿಚ್ಚುವಾಗ ಅವಸರ ಪಟ್ಟರೆ ಅವು ಎಂಜಿನ್ನಿನ ತಲೆಯಲ್ಲೇ ಮುರಿದು ಕೂರುತ್ತವೆ. ಕೊರೆದು ತೆಗೆಸುವ ಕೂಲಿ ಮ್ಯಾನಿಫೋಲ್ಡಿನ ಬೆಲೆಯನ್ನು ಮೀರಬಹುದು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಿಸಿ, ಕಾಯಿಸಿ, ಹಿಂದಕ್ಕೂ ಮುಂದಕ್ಕೂ ತುಸುತುಸುವೇ ಆಡಿಸಬೇಕು. ಹೊಸ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ತುದಿಗಳ ಕಡೆಗೆ ಬಿಗಿಯುತ್ತ ಹೋಗಬೇಕು. ಗಾಡಿ ಕೆಲವು ಸಲ ಕಾದು ಆರಿದ ಮೇಲೆ, ಎಂಜಿನ್ನು ತಣ್ಣಗಿರುವಾಗ, ಅವನ್ನೆಲ್ಲ ಮತ್ತೊಂದು ಸುತ್ತು ಬಿಗಿಮಾಡಬೇಕು.